ಕಾಯಕದ ಹೊತ್ತು, ಹಾದಿಯ ಹೊತ್ತು



ಕಾಯಕವೆಂದರೇನು, ದಾಸೋಹವೆಂದರೇನು ಎಂಬ ವಿಷಯವಾಗಿ ಈ ಪುಟಗಳಲ್ಲಿ ಅನೇಕ ಸಲ ವಿಚಾರ ನಡೆದಿದೆ. ಕಾಯಕದ ಸ್ಥಳಕ್ಕೆ ಹೋಗಿ ಬರುವ ಹಾದಿಯನ್ನು ಕುರಿತು ವಿಚಾರ ನಡೆದದ್ದು ಮಾತ್ರ ಕಡಮೆ. ಅದಕ್ಕೆ ಕಾರಣವೂ ಉಂಟು. ನಮ್ಮ ಹಿರಿಯರಲ್ಲಿ ಬಹುಮಂದಿಗೆ ಅಂಥ ಹಾದಿಯೇ ಇರಲಿಲ್ಲ. ನೇಕಾರನ ಮಗ್ಗ ಪಡಸಾಲೆಯಲ್ಲಿ, ಕಮ್ಮಾರನ ಕುಲುಮೆ ಮನೆಯ ಮಗ್ಗುಲಲ್ಲಿ, ವರ್ತಕನ ಅಂಗಡಿ ಮನೆಯ ಮುಂಭಾಗದಲ್ಲಿಯೇ ಇರುತ್ತಿದ್ದವು. ಒಕ್ಕಲು ಮಗನ ಹೊಲವು ಊರ ಹೊರಗೆ ಒಂದು ಕೂಗಳತೆಯಲ್ಲೋ, ಬಹಳವಾದರೆ ಅರ್ಧ ಹರಿದಾರಿಯಲ್ಲೋ ಇರುತ್ತಿತ್ತು. ಮಧ್ಯಾಹ್ನಕ್ಕೆ ಮನೆಯಿಂದ ಬುತ್ತಿ ಬರುತ್ತಿತ್ತು. ಹೊತ್ತು ಮುಳುಗುವುದರೊಳಗೆ ಎತ್ತುಗಳೊಡನೆ ಅವನೂ ಮನೆ ಸೇರುತ್ತಿದ್ದನು.

ಇಂದಿನ ಗೃಹಸ್ಥನ ಸ್ಥಿತಿ ಬೇರೆ. ನಸುಕಿನಲ್ಲೆದ್ದು, ಅವಸರದಲ್ಲಿ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸುವಾಗಲೇ ಅವನ ಕಣ್ಣು ಗಡಿಯಾರದ ಮೇಲಿರುತ್ತದೆ. ಲಿಂಗವು ಕರಸ್ಥಲದಲ್ಲಿದ್ದರೂ ಮನಸ್ಸು ಆಗಲೇ ಬಸ್ಸಿನ ನಿಲ್ದಾಣವನ್ನು ಸೇರಿರುತ್ತದೆ. ರಾತ್ರಿ ಹಿಂದಿರುಗುವ ವೇಳೆಗೆ ಮಕ್ಕಳು ಉಂಡು ಮಲಗಿರುತ್ತಾರೆ. ಪಡಸಾಲೆಯಲ್ಲಿ ಒರಗಿರುವ ವೃದ್ಧ ತಂದೆ ‘ಬಂದೆಯೇನಪ್ಪ’ ಎಂದರೆ ‘ಹೂಂ’ ಎನ್ನುವಷ್ಟೇ ತ್ರಾಣ ಅವನಲ್ಲಿ ಉಳಿದಿರುತ್ತದೆ. ಇಂಥ ಗೃಹಸ್ಥರಲ್ಲಿ ಹಲವರು ನಮ್ಮನ್ನು ಕೇಳುವುದುಂಟು: ‘ಸ್ವಾಮಿ, ಉದ್ಯೋಗಕ್ಕಾಗಿ ದಿನವೂ ಎಷ್ಟು ಹೊತ್ತು ಹಾದಿಯಲ್ಲಿ ಕಳೆಯುವುದು ಯುಕ್ತ? ಇದಕ್ಕೊಂದು ಮೇರೆ ಬೇಡವೆ?’

ಈ ಪ್ರಶ್ನೆ ರಸ್ತೆ ಹಾಕಿಸುವ ಇಂಜಿನಿಯರನಿಗೆ ಸೇರಿದ್ದು, ಧರ್ಮಬೋಧೆಗೆ ಸೇರಿದ್ದಲ್ಲ ಎಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಹಾದಿಯಲ್ಲಿ ವೆಚ್ಚವಾಗುವುದು ಪೆಟ್ರೋಲು, ಟಿಕೇಟಿನ ಹಣ ಇಷ್ಟೇ ಆಗಿದ್ದರೆ ಅದನ್ನು ಲೆಕ್ಕ ಬರೆಯುವವರಿಗೆ ಬಿಟ್ಟು ಸುಮ್ಮನಿರಬಹುದಾಗಿತ್ತು. ಅಲ್ಲಿ ವೆಚ್ಚವಾಗುವುದು ಆಯುಷ್ಯ. ಆಯುಷ್ಯದ ವೆಚ್ಚವನ್ನು ಕುರಿತು ಶರಣರು ಎಷ್ಟು ನಿಷ್ಠುರರಾಗಿದ್ದರೆಂಬುದನ್ನು ವಚನಗಳನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಲೆಕ್ಕವನ್ನೇ ಮೊದಲು ನೋಡೋಣ. ಒಬ್ಬನು ಹೋಗುವುದಕ್ಕೆ ೨ ಗಂಟೆ, ಬರುವುದಕ್ಕೆ ೨ ಗಂಟೆ ಹಾದಿಯಲ್ಲಿ ಕಳೆಯುತ್ತಾನೆನ್ನಿರಿ. ವರ್ಷಕ್ಕೆ ೩೦೦ ದಿನ ಕೆಲಸಕ್ಕೆ ಹೋದರೆ ೧,೨೦೦ ಗಂಟೆಗಳಾದುವು; ಅಂದರೆ ೫೦ ಪೂರ್ಣ ಅಹೋರಾತ್ರಿಗಳು. ೩೦ ವರ್ಷ ನೌಕರಿ ಮಾಡಿದರೆ ೧,೫೦೦ ಅಹೋರಾತ್ರಿಗಳು, ಎಂದರೆ ನಾಲ್ಕು ವರ್ಷಕ್ಕೂ ಮಿಗಿಲಾದ ಬಾಳು ಹಾದಿಯ ಪಾಲಾಯಿತು. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆಯಾದರೆ ವರ್ಷಕ್ಕೆ ಹನ್ನೆರಡೂವರೆ ದಿನಗಳು ಮಾತ್ರ. ಒಂದು ದಿನದ ಲೆಕ್ಕವನ್ನು ಹಿಡಿದರೂ ಅಷ್ಟೆ. ಉದ್ಯೋಗಕ್ಕೆ ೯ ಗಂಟೆ, ನಿದ್ರೆಗೆ ೭, ಸ್ನಾನ ಊಟಾದಿಗಳಿಗೆ ೨ ಗಂಟೆ ಕಳೆದರೆ ಉಳಿಯುವುದು ೬ ಗಂಟೆ. ಅದರಲ್ಲಿ ೪ ಗಂಟೆಯನ್ನು ಹಾದಿ ಕಿತ್ತುಕೊಂಡರೆ, ಲಿಂಗಪೂಜೆ, ಮಕ್ಕಳ ಪಾಠ, ತಾಯಿತಂದೆಗಳ ಆರೈಕೆ, ಅತಿಥಿ ಅಭ್ಯಾಗತರ ಸತ್ಕಾರ, ಸತಿಪತಿಗಳು ಎರಡು ಮಾತನಾಡುವುದು ಇವೆಲ್ಲವೂ ೨ ಗಂಟೆಯೊಳಗೆ ಮುಗಿಯಬೇಕು. ಮುಗಿಯುವುದಿಲ್ಲ. ಆಗ ಗೃಹಸ್ಥನು ಏನನ್ನು ಬಿಡುತ್ತಾನೆ? ಉದ್ಯೋಗವನ್ನು ಬಿಡಲಾರ, ಊಟವನ್ನು ಬಿಡಲಾರ. ಬೆಳಗಿನ ಪೂಜೆಯನ್ನು ಮೊದಲು ಬಿಡುತ್ತಾನೆ. ಅನಂತರ ನಿದ್ರೆಯನ್ನು ಬಿಡುತ್ತಾನೆ. ಮನೆಯವರೊಡನೆ ಆಡುವ ಮಾತು ತಾನಾಗಿಯೇ ಬಿಟ್ಟುಹೋಗುತ್ತದೆ.

ಇಲ್ಲಿ ಓದಿಕೊಂಡ ಭಕ್ತರು ಒಂದು ಆಕ್ಷೇಪವನ್ನು ತರುವುದುಂಟು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆಯುವ ಕಾಯಕದವರು. ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಲಿಂಗಪೂಜೆಗಿಂತಲೂ ಕಾಯಕವೇ ಹೆಚ್ಚೆಂದು ಶರಣರೇ ತೋರಿಸಿಕೊಟ್ಟಿರುವಾಗ, ಕಾಯಕಕ್ಕಾಗಿ ಪೂಜೆ ತಪ್ಪಿದರೆ ದೋಷವೇನು ಎಂಬುದು ಆಕ್ಷೇಪ. ಈ ಆಕ್ಷೇಪದಲ್ಲಿ ಒಂದು ಮರೆವು ಇದೆ. ಚಂದಯ್ಯನವರು ಆಗ ಕಾಯಕದಲ್ಲಿದ್ದರು. ಅವರ ಕೈಯಲ್ಲಿ ಹುಲ್ಲಿತ್ತು. ಆ ಹುಲ್ಲು ಹಗ್ಗವಾಗಿ, ಹಗ್ಗವು ಹಣವಾಗಿ, ಹಣವು ಜಂಗಮದಾಸೋಹವಾಗುವುದಿತ್ತು. ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಮುಂದಿನ ಗಾಡಿಯ ಹಿಂಭಾಗವನ್ನು ನೋಡುತ್ತ ಕುಳಿತವನ ಕೈಯಲ್ಲಿ ಹುಲ್ಲೂ ಇಲ್ಲ, ಲಿಂಗವೂ ಇಲ್ಲ. ಅವನು ಕಾಯಕಕ್ಕೆ ಹೊರಟವನು. ಇನ್ನೂ ಕಾಯಕಕ್ಕೆ ಕೈ ಹಚ್ಚಿದವನಲ್ಲ. ಕಾಯಕಕ್ಕೆ ಸಲ್ಲುವ ಹಿರಿಮೆಯನ್ನು ಹಾದಿಗೆ ಸಲ್ಲಿಸುವುದು ತರವಲ್ಲ.

ಹಾದಿಯೇ ಕಾಯಕವಾದವರು ಬೇರೆ ಇದ್ದಾರೆ. ಅಂಬಿಗರ ಚೌಡಯ್ಯನವರಿಗೆ ಹೊಳೆಯ ಈ ದಡದಿಂದ ಆ ದಡಕ್ಕೆ ಹೋಗುವುದೇ ಕಾಯಕವಾಗಿತ್ತು. ತುರುಗಾಹಿ ರಾಮಣ್ಣನವರು ದನಗಳ ಹಿಂದೆ ನಡೆದ ನಡಿಗೆಯೆಲ್ಲವೂ ಕಾಯಕವೇ. ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದರೆಂದು ಹೇಳಲಾಗುವ ಮೋಳಿಗೆಯ ಮಾರಯ್ಯನವರು ಅಡವಿಗೆ ಹೋಗಿ ಸೌದೆ ಕಡಿದು, ಹೊರೆಯನ್ನು ತಲೆಯ ಮೇಲೆ ಹೊತ್ತು ಊರಿಗೆ ತಂದು ಮಾರುತ್ತಿದ್ದರು. ಹೊರೆ ಹೊತ್ತ ಆ ಹಾದಿಯನ್ನು ಕಾಯಕದಿಂದ ಬೇರ್ಪಡಿಸಲಾಗದು. ಇಂದು ಬಸ್ಸು ನಡೆಸುವ ಚಾಲಕನೂ, ಚೀಟಿ ಕೊಡುವ ನಿರ್ವಾಹಕನೂ ಇದೇ ಸಾಲಿಗೆ ಸೇರಿದವರು. ತಡವಾಯಿತೆಂಬ ಸಿಟ್ಟಿನಲ್ಲಿ ಅವರ ಮೇಲೆ ಹರಿಹಾಯುವ ಪ್ರಯಾಣಿಕರನ್ನು ಕಂಡಾಗ, ತಮ್ಮ ಹಾದಿಯ ಹೊರೆಯನ್ನು ಇವರು ಇನ್ನೊಬ್ಬರ ಕಾಯಕದ ಮೇಲೆ ಹೇರುತ್ತಿದ್ದಾರಲ್ಲ ಎಂದು ಮನಸ್ಸಿಗೆ ಖೇದವಾಗುತ್ತದೆ. ಇದು ಪ್ರಸಂಗವಶಾತ್ ಬಂದ ಮಾತು, ಇರಲಿ.

ಈಗ ಲೋಕದ ಪಂಡಿತರು ಹೇಳಿರುವುದನ್ನೂ ಸ್ವಲ್ಪ ಕೇಳಬೇಕು. ಇಟಲಿ ದೇಶದ ಚೆಸಾರೆ ಮಾರ್ಕೆಟ್ಟಿ ಎಂಬ ವಿದ್ವಾಂಸರು ೧೯೯೪ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಯಾಕೋವ್ ಜಹಾವಿ ಎಂಬ ಇನ್ನೊಬ್ಬ ವಿದ್ವಾಂಸರು ಮೊದಲೇ ಕಂಡುಕೊಂಡಿದ್ದ ಸಂಗತಿಯನ್ನು ಅವರು ಅದರಲ್ಲಿ ವಿಸ್ತರಿಸಿದರು. ಮನುಷ್ಯನು ಯಾವ ಕಾಲದಲ್ಲಿಯೇ ಇರಲಿ, ಯಾವ ವಾಹನವನ್ನೇ ಏರಲಿ, ದಿನಕ್ಕೆ ಸುಮಾರು ಒಂದು ಗಂಟೆಯ ಹೊತ್ತನ್ನು ಓಡಾಟಕ್ಕೆ ಕೊಡುತ್ತಾನೆ ಎಂಬುದು ಅವರ ಮತ. ಕಾಲ್ನಡಿಗೆಯ ವೇಗ ಗಂಟೆಗೆ ೫ ಕಿ.ಮೀ. ಎಂದು ಹಿಡಿದರೆ, ಮನೆಯಿಂದ ಎರಡೂವರೆ ಕಿ.ಮೀ. ಹೋಗಿ ತಿರುಗಿ ಬರಲು ಒಂದು ಗಂಟೆ ಬೇಕು. ಹಳೆಯ ಹಳ್ಳಿಗಳ ಮೇರೆಯೂ, ಕೋಟೆಯೊಳಗಿನ ಹಳೆಯ ನಗರಗಳ ಅಗಲವೂ ಹೆಚ್ಚುಕಡಮೆ ಈ ಅಳತೆಗೆ ಹೊಂದುತ್ತವೆಂದು ಅವರು ತೋರಿಸಿದರು. ಮೇಲೆ ಹೇಳಿದ ನಮ್ಮ ಒಕ್ಕಲು ಮಗನ ಅರ್ಧ ಹರಿದಾರಿಯ ಹೊಲವೂ ಇದೇ ಅಳತೆಯೊಳಗಿನದೆಂಬುದನ್ನು ಗಮನಿಸಿರಿ.

ಈ ಮತದಿಂದ ಹೊರಡುವ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯವಾದುದು. ಟ್ರಾಮು ಬಂದಿತು, ರೈಲು ಬಂದಿತು, ಮೋಟಾರು ಬಂದಿತು. ವೇಗವು ಹತ್ತು ಪಟ್ಟಾಯಿತು. ಆದರೆ ಮನುಷ್ಯನಿಗೆ ಉಳಿತಾಯವಾಗಲಿಲ್ಲ. ಉಳಿದ ಹೊತ್ತನ್ನೆಲ್ಲ ಅವನು ದೂರಕ್ಕೆ ಕೊಟ್ಟು ಮನೆಯನ್ನು ಇನ್ನೂ ಆಚೆಗೆ ಕಟ್ಟಿಸಿದನು. ಆಚೆಗೆ ಕಟ್ಟಿಸಿದವರು ಬಹಳವಾದಾಗ ಹಾದಿ ಕಿಕ್ಕಿರಿದು ವೇಗವೇ ಬಿದ್ದುಹೋಗುತ್ತದೆ. ದೂರ ಮಾತ್ರ ಹಾಗೆಯೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಆದದ್ದು ಇದೇ. ಜಗತ್ತಿನ ನಗರಗಳ ಸಂಚಾರವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ ೨೦೨೪ರ ಲೆಕ್ಕದಂತೆ, ಬೆಂಗಳೂರಿನಲ್ಲಿ ೧೦ ಕಿ.ಮೀ. ಸಾಗಲು ಸರಾಸರಿ ೩೪ ನಿಮಿಷಗಳಿಗೂ ಮೇಲೆ ಹಿಡಿಯಿತು. ಎಂದರೆ ಗಂಟೆಗೆ ೧೮ ಕಿ.ಮೀ.ಗೂ ಕಡಮೆ ವೇಗ. ಸೈಕಲ್ಲು ಹೊಡೆಯುವವನೂ ಗಟ್ಟಿಗನಾದರೆ ಅದರ ಜೊತೆಗೆ ಹೋಗಬಲ್ಲನು. ೨೦೧೧ರ ಅಕ್ಟೋಬರ್ ೨೦ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೊದಲ ಮೆಟ್ರೋ ರೈಲು ಓಡಿತು. ೨೦೨೫ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು ೧೯ ಕಿ.ಮೀ. ಉದ್ದದ ಹಳದಿ ಮಾರ್ಗ ತೆರೆಯಿತು. ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ನಿಂತು ನಿಂತು ಬೇಸತ್ತವರಿಗೆ ಅದು ದೊಡ್ಡ ಉಪಕಾರವೇ ಸರಿ. ಆದರೆ ಅಲ್ಲಿ ಉಳಿದ ಮುಕ್ಕಾಲು ಗಂಟೆಯನ್ನು ಮನೆಗೆ ತರುವವರೆಷ್ಟು ಮಂದಿ, ‘ಇನ್ನು ಹತ್ತು ಮೈಲಿ ಆಚೆಗೆ ನಿವೇಶನ ಕೊಂಡರೂ ನಡೆದೀತು’ ಎಂದು ಲೆಕ್ಕ ಹಾಕುವವರೆಷ್ಟು ಮಂದಿ!

ದೂರದ ಹಾದಿಯನ್ನು ಕೈಕೊಂಡವರೆಲ್ಲ ಆಸೆಯಿಂದಲೇ ಕೈಕೊಂಡರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅನ್ಯಾಯವಾದೀತು. ಕೋಲಾರದ ಚಿನ್ನದ ಗಣಿಗಳ ಪ್ರದೇಶವನ್ನು ನೋಡಿರಿ. ಅಲ್ಲಿ ನೂರು ವರ್ಷಗಳಿಗೂ ಮಿಗಿಲಾಗಿ ಗಣಿಯ ಕೆಲಸಗಾರರು ಗಣಿಬಾಯಿಯ ಸುತ್ತಲೂ ಸಾಲುಮನೆಗಳಲ್ಲಿ ವಾಸವಾಗಿದ್ದರು. ಭೂಮಿಯೊಳಗೆ ೩ ಕಿ.ಮೀ.ಗೂ ಆಳಕ್ಕೆ ಇಳಿಯುವ ಕಠೋರ ದುಡಿಮೆ ಅವರದು. ಆದರೆ ಮೇಲಕ್ಕೆ ಬಂದೊಡನೆ ಮನೆ ಹತ್ತಿರದಲ್ಲಿತ್ತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ದುಡಿಮೆ ಹೋಯಿತು, ಮನೆ ಉಳಿಯಿತು. ಅಂದಿನಿಂದ ಅಲ್ಲಿಯ ಸಾವಿರಾರು ಜನರು ಬೆಳಕು ಹರಿಯುವ ಮುನ್ನವೇ ಮಾರಿಕುಪ್ಪದಿಂದ ಹೊರಡುವ ರೈಲುಗಳನ್ನು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ, ದುಡಿದು, ಕತ್ತಲಾದ ಮೇಲೆ ಅದೇ ಹಾದಿಯಲ್ಲಿ ಮರಳುತ್ತಾರೆ. ಹೋಗುವುದಕ್ಕೊಂದು ಎರಡು ಗಂಟೆ, ಬರುವುದಕ್ಕೊಂದು ಎರಡು ಗಂಟೆ. ಹಿಂದೆ ನೆಲದಡಿಯಲ್ಲಿ ಕಾಣದಿದ್ದ ಹಗಲನ್ನು ಅವರ ಮಕ್ಕಳು ಈಗ ರೈಲಿನ ಕಿಟಕಿಯಲ್ಲಿ ಕಾಣುತ್ತಿದ್ದಾರೆ. ತುಮಕೂರು, ರಾಮನಗರ, ಮಂಡ್ಯಗಳಿಂದ ತಿಂಗಳ ಪಾಸು ಮಾಡಿಸಿಕೊಂಡು ಓಡಾಡುವವರಲ್ಲಿಯೂ ಇಂಥವರು ಹೇರಳವಾಗಿದ್ದಾರೆ. ರಾಜಧಾನಿಯ ಬಾಡಿಗೆ ಕೊಡಲು ಸಂಬಳ ಸಾಲದು. ಊರಿನಲ್ಲಿ ಇರುವ ಮನೆಯನ್ನೂ ಹಿರಿಯರನ್ನೂ ಬಿಟ್ಟು ಹೋಗಲು ಮನಸ್ಸು ಬಾರದು. ಇಂಥವರಿಗೆ ‘ಹಾದಿಯನ್ನು ಕಿರಿದುಮಾಡು’ ಎಂದು ಉಪದೇಶಿಸುವುದು ಹಸಿದವನಿಗೆ ಪಥ್ಯ ಹೇಳಿದಂತೆ. ಅವರ ಮಟ್ಟಿಗೆ ಧರ್ಮದ ಹೊರೆ ಬೇರೆಯವರ ಮೇಲಿದೆ. ಅದನ್ನು ಮುಂದೆ ಹೇಳುತ್ತೇವೆ.

ಆದರೆ ಆಯ್ಕೆ ಇದ್ದೂ ದೂರವನ್ನು ಆರಿಸಿಕೊಂಡವರ ಮಾತೇನು? ಇವರ ಎದುರಿಗೆ ನಾವು ಆಯ್ದಕ್ಕಿ ಲಕ್ಕಮ್ಮನವರನ್ನು ತಂದು ನಿಲ್ಲಿಸುತ್ತೇವೆ. ಪತಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವರು. ಅದರಿಂದ ದಾಸೋಹ ನಡೆಯುವುದು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಆ ತಾಯಿ ಹಿಗ್ಗಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಕ್ಕೆ ಕಳುಹಿದರು. ಈ ಕಥೆಯನ್ನು ಹೇಳುವಾಗ ನಾವೆಲ್ಲ ಅಕ್ಕಿಯ ಮೇಲೆಯೇ ದೃಷ್ಟಿಯಿಡುತ್ತೇವೆ. ಹೊತ್ತಿನ ವಿಷಯದಲ್ಲಿಯೂ ಆ ತಾಯಿ ಅಷ್ಟೇ ಎಚ್ಚರವಾಗಿದ್ದರು. ಪ್ರಭುದೇವರ ಅನುಭಾವದ ಮಾತಿನಲ್ಲಿ ಮೈಮರೆತಿದ್ದ ಮಾರಯ್ಯನವರಿಗೆ ಕಾಯಕದ ಹೊತ್ತು ಮೀರುತ್ತಿದೆಯೆಂದು ನೆನಪು ಮಾಡಿಕೊಟ್ಟವರೂ ಅವರೇ. ಬೇಕಾದಷ್ಟು ಅಕ್ಕಿ, ಸಲ್ಲಬೇಕಾದಲ್ಲಿಗೆ ಹೊತ್ತು: ಈ ಎರಡು ಅಳತೆಗಳೂ ಒಂದೇ ಕೈಯಲ್ಲಿದ್ದುವು.

ಈ ಅಳತೆಯನ್ನು ಹಿಡಿದು ನೋಡಿದರೆ ಇಂದಿನ ಎಷ್ಟೋ ಹಾದಿಗಳು ಉದ್ದವಾದದ್ದು ಹೆಚ್ಚಿನ ಅಕ್ಕಿಗಾಗಿ ಎಂದು ತಿಳಿಯುತ್ತದೆ. ಇಬ್ಬರು ಮಕ್ಕಳಿರುವ ಸಂಸಾರಕ್ಕೆ ಎರಡು ಕೋಣೆಯ ಬಾಡಿಗೆ ಮನೆ ಉದ್ಯೋಗದ ಸ್ಥಳಕ್ಕೆ ಹತ್ತಿರವಾಗಿ ಸಿಕ್ಕುತ್ತದೆ. ಆದರೆ ‘ಸ್ವಂತದ್ದಾಗಲಿ, ಮೂರು ಕೋಣೆಯಿರಲಿ, ಕಾರು ನಿಲ್ಲಿಸಲು ಜಾಗವಿರಲಿ’ ಎಂದು ಊರಾಚೆ ೩೦ ಕಿ.ಮೀ. ದೂರದಲ್ಲಿ ಸಾಲ ಮಾಡಿ ಕೊಳ್ಳುತ್ತೇವೆ. ಆ ಮೂರನೆಯ ಕೋಣೆಯಲ್ಲಿ ಕೂರಲು ಯಜಮಾನನಿಗೆ ಹೊತ್ತೇ ಇರುವುದಿಲ್ಲ. ಕೋಣೆ ಕೊಂಡ ಹಾದಿಯಲ್ಲಿಯೇ ಹೊತ್ತೆಲ್ಲ ಕಳೆದುಹೋಗಿರುತ್ತದೆ. ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ವಿವರಗಳನ್ನು ಪರಿಶೀಲಿಸಿ ೨೦೦೮ರಲ್ಲಿ ಪ್ರಕಟಿಸಿದ ನಿರ್ಣಯವೂ ಇದಕ್ಕೆ ಪೋಷಕವಾಗಿದೆ. ದೂರ ಹೋಗಲು ಒಪ್ಪಿದವನು ಅದಕ್ಕೆ ಪ್ರತಿಯಾಗಿ ಒಳ್ಳೆಯ ಸಂಬಳವನ್ನೋ ಒಳ್ಳೆಯ ಮನೆಯನ್ನೋ ಪಡೆದು ಸಮಾಧಾನಿಯಾಗಿರಬೇಕಷ್ಟೆ? ಅವರಿಗೆ ಕಂಡದ್ದು ಹಾಗಲ್ಲ. ಹಾದಿ ಉದ್ದವಾದಂತೆ ಬಾಳಿನ ತೃಪ್ತಿ ಕಡಮೆಯಾಗಿತ್ತು. ಪಡೆದ ಲಾಭವು ಆ ನಷ್ಟವನ್ನು ತುಂಬಿಕೊಟ್ಟಿರಲಿಲ್ಲ. ೨೦೦೪ರಲ್ಲಿ ಡೇನಿಯಲ್ ಕಾನಮನ್ ಮತ್ತು ಅವರ ಸಂಗಡಿಗರು ಅಮೆರಿಕದ ಟೆಕ್ಸಾಸ್ ಪ್ರಾಂತದ ೯೦೯ ಮಂದಿ ಉದ್ಯೋಗಸ್ಥ ಸ್ತ್ರೀಯರನ್ನು, ನಿನ್ನೆಯ ದಿನದ ಒಂದೊಂದು ಹೊತ್ತೂ ಹೇಗೆ ಕಳೆಯಿತೆಂದು ವಿಚಾರಿಸಿದಾಗ, ಎಲ್ಲಕ್ಕಿಂತ ಅಪ್ರಿಯವಾದ ಹೊತ್ತುಗಳ ಸಾಲಿನಲ್ಲಿ ಬೆಳಗ್ಗೆ ಕೆಲಸಕ್ಕೆ ಹೋಗುವ ಹಾದಿ ಕಂಡುಬಂದಿತು. ಪರದೇಶದ ಮಾತಾದರೂ ನಮ್ಮವರ ಮುಖ ನೋಡಿದರೆ ಸಾಕ್ಷಿ ಸಿಕ್ಕುತ್ತದೆ.

ಸ್ತ್ರೀಯರ ಮಾತು ಬಂದದ್ದರಿಂದ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಇಂದು ಎಷ್ಟೋ ಮನೆಗಳಲ್ಲಿ ಸತಿಪತಿಗಳಿಬ್ಬರೂ ದುಡಿಯುತ್ತಾರೆ. ಪುರುಷನ ಹಾದಿ ಮನೆಯ ಹೊಸ್ತಿಲಿಗೆ ಮುಗಿಯುತ್ತದೆ. ಸ್ತ್ರೀಯ ಹಾದಿ ಹೊಸ್ತಿಲನ್ನು ದಾಟಿ ಒಲೆಯವರೆಗೆ ಹೋಗುತ್ತದೆ. ಇಬ್ಬರೂ ಒಂದೇ ಬಸ್ಸಿನಿಂದ ಇಳಿದು ಬಂದರೂ ಅವನು ಕುರ್ಚಿಯಲ್ಲಿ ಒರಗಿ ‘ಕಾಫಿ ಆಯಿತೆ?’ ಎಂದು ಕೇಳುತ್ತಾನೆ. ಶರಣೆಯರಿಗೂ ಕಾಯಕವುಂಟು, ಅನುಭಾವವುಂಟೆಂದು ಸಾರಿದ ಪರಂಪರೆಯವರ ಮನೆಯಲ್ಲಿ ಇದು ನಡೆಯತಕ್ಕದ್ದಲ್ಲ. ದೂರದ ಕಾರಣದಿಂದ ಕೈಗೆ ಬಂದ ಕೆಲಸವನ್ನು ಬಿಟ್ಟು ಕುಳಿತ ಹೆಣ್ಣುಮಕ್ಕಳೂ ನಮ್ಮಲ್ಲಿ ಕಡಮೆಯಿಲ್ಲ. ೨೦೨೩ರ ಜೂನ್ ೧೧ರಂದು ಕರ್ನಾಟಕ ಸರಕಾರವು ಶಕ್ತಿ ಯೋಜನೆಯನ್ನು ಜಾರಿಗೆ ತಂದು ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೇಟಿನ ಹಣವನ್ನು ಉಳಿಸಿಕೊಟ್ಟಿತು. ಹೊತ್ತನ್ನು ಉಳಿಸಿಕೊಡುವುದು ಸರಕಾರದ ಕೈಯಲ್ಲಿ ಅಷ್ಟಾಗಿ ಇಲ್ಲ. ಮನೆಯ ಗಂಡಸರ ಕೈಯಲ್ಲಿದೆ. ಯಾರ ಕಛೇರಿಗೆ ಹತ್ತಿರವಾಗಿ ಮನೆ ಮಾಡಬೇಕೆಂಬ ಪ್ರಶ್ನೆ ಬಂದಾಗ, ಮನೆಗೆ ಬಂದ ಮೇಲೂ ಕೆಲಸ ಮುಗಿಯದವರ ಹಾದಿಯನ್ನು ಮೊದಲು ಕಿರಿದುಮಾಡುವುದು ನ್ಯಾಯ.

ಹಾಗಾದರೆ ಮೇರೆ ಎಷ್ಟು? ನಮ್ಮ ಬುದ್ಧಿಗೆ ತೋರಿದುದನ್ನು ಹೇಳುತ್ತೇವೆ. ಒಂದು ಕಡೆಗೆ ಅರ್ಧ ಗಂಟೆಯ ಹಾದಿಯನ್ನು ಕುರಿತು ಯಾರೂ ಗೊಣಗಬೇಕಾಗಿಲ್ಲ. ಅಷ್ಟು ಹೊತ್ತು ಮನುಷ್ಯನಿಗೆ ಸಹಜವಾದುದೆಂದು ಮೇಲಿನ ವಿದ್ವಾಂಸರ ಮತದಿಂದಲೂ ತಿಳಿಯುತ್ತದೆ. ಮನೆಯ ಚಿಂತೆಯನ್ನು ಬಿಟ್ಟು ಕೆಲಸದ ಚಿಂತೆಗೆ ಮನಸ್ಸು ಹೊರಳುವುದಕ್ಕೆ ಅದು ಬೇಕೂ ಆಗಬಹುದು. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗಿನದನ್ನು, ಕೂರಲು ಸ್ಥಳ ದೊರೆತು, ತಲಪುವ ಹೊತ್ತು ನೆಚ್ಚುವಂತಿದ್ದರೆ, ಆರೋಗ್ಯವಂತನು ಬಹುಕಾಲ ತಾಳಬಲ್ಲನು. ಒಂದು ಗಂಟೆಯನ್ನು ಮೀರಿದರೆ ಅದಕ್ಕೆ ತಕ್ಕ ಕಾರಣವಿರಬೇಕು. ಮಕ್ಕಳ ಓದು ಮುಗಿಯುವವರೆಗೆ, ಸಾಲ ತೀರುವವರೆಗೆ, ಹಾಸಿಗೆ ಹಿಡಿದ ತಾಯಿಯ ಸೇವೆ ನಡೆಯುವವರೆಗೆ ಎಂಬಂತೆ ಅದಕ್ಕೊಂದು ಗಡುವೂ ಇರಬೇಕು. ಒಂದೂವರೆ ಗಂಟೆಯನ್ನು ಮೀರಿದ ಹಾದಿಯನ್ನು ಗಡುವಿಲ್ಲದೆ ವರ್ಷಾನುವರ್ಷ ಸವೆಸುವುದು ಗೃಹಸ್ಥಧರ್ಮಕ್ಕೆ ಹೊಂದುವುದಿಲ್ಲ. ಉಣಲಿಕ್ಕಿಲ್ಲದ ಬಡವನಿಗೆ ಈ ಮಾತು ಅನ್ವಯಿಸದು. ಹೆಚ್ಚಿನ ಅಕ್ಕಿಗಾಗಿ ಹೊರಟವನಿಗೆ ಅನ್ವಯಿಸುತ್ತದೆ.

ಗಂಟೆಗಳೆಲ್ಲ ಒಂದೇ ಸಮನಲ್ಲವೆಂಬುದನ್ನೂ ಮರೆಯಲಾಗದು. ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತವನ ಒಂದು ಗಂಟೆಗೂ, ಸ್ಕೂಟರಿನ ಹಿಡಿ ಹಿಡಿದು ಹೊಗೆ ನುಂಗುತ್ತ ಲಾರಿಗಳ ನಡುವೆ ನುಸುಳುವವನ ಒಂದು ಗಂಟೆಗೂ ಬಹಳ ಅಂತರವಿದೆ. ಮೊದಲನೆಯವನು ಕಣ್ಮುಚ್ಚಿ ಪಂಚಾಕ್ಷರಿಯನ್ನು ಸ್ಮರಿಸಬಹುದು, ನಾಲ್ಕು ವಚನಗಳನ್ನು ಓದಿಕೊಳ್ಳಬಹುದು, ಬೆಳಗ್ಗೆ ಬಿಟ್ಟ ನಿದ್ರೆಯನ್ನು ತುಂಬಿಕೊಳ್ಳಬಹುದು. ಎರಡನೆಯವನು ಸ್ಮರಣೆಗೆ ಕಣ್ಮುಚ್ಚಿದರೆ ಪ್ರಾಣಕ್ಕೇ ಅಪಾಯ! ಆದಕಾರಣ ಹಾದಿ ಇಪ್ಪತ್ತು ನಿಮಿಷ ಹೆಚ್ಚಾದರೂ ರೈಲು ಬಸ್ಸುಗಳನ್ನು ಹಿಡಿಯುವುದೇ ಲೇಸು. ಕೈಯಲ್ಲಿಯ ಮೊಬೈಲನ್ನು ನೋಡುತ್ತ ಹೋಗುವವರೂ ಉಂಟು. ಹಾದಿಯ ಹೊತ್ತು ಹೇಗೂ ಹೋದದ್ದೇ ಎಂದು ಅದನ್ನು ಇನ್ನೊಂದು ಸಲ ಕಳೆದುಕೊಳ್ಳುವ ಬಗೆ ಅದು. ಆದರೆ ರೈಲಿನಲ್ಲಿ ನಾಮಸ್ಮರಣೆ ಮಾಡಿದೆನೆಂದು ಬೆಳಗಿನ ಪೂಜೆಯನ್ನು ಬಿಟ್ಟುಬಿಡುವುದನ್ನು ನಾವು ಒಪ್ಪಲಾರೆವು. ಆಸನದಲ್ಲಿ ಕುಳಿತು, ಕರಸ್ಥಲದಲ್ಲಿ ಲಿಂಗವನ್ನಿಟ್ಟು, ಹತ್ತೇ ನಿಮಿಷವಾದರೂ ಗಡಿಯಾರವನ್ನು ನೋಡದೆ ಪೂಜಿಸಲು ಅನುಕೂಲವಿರುವಷ್ಟು ತಡವಾಗಿ ಮನೆ ಬಿಡುವಂತಿದ್ದರೆ, ಆ ಮನೆಯ ಹಾದಿ ಮೇರೆಯೊಳಗೆ ಇದೆಯೆಂದು ತಿಳಿಯಬಹುದು.

ಇನ್ನು ಕೆಲಸ ಕೊಡುವವರಿಗೆ ಹೇಳಬೇಕಾದುದು. ಈ ಪತ್ರಿಕೆಯನ್ನು ಓದುವ ಭಕ್ತರಲ್ಲಿ ಗಿರಣಿಗಳ, ಅಂಗಡಿಗಳ, ಶಾಲೆಗಳ ಯಜಮಾನರೂ ಇದ್ದೀರಿ. ಕೆಲಸಗಾರನು ಬಾಗಿಲೊಳಗೆ ಬಂದ ಗಳಿಗೆಯಿಂದ ಮಾತ್ರ ಅವನ ದಿನವನ್ನು ಎಣಿಸುವುದು ನಿಮ್ಮ ರೂಢಿ. ೧೯೪೮ರ ಕಾರ್ಖಾನೆ ಕಾಯ್ದೆಯು ದುಡಿಮೆಗೆ ದಿನಕ್ಕೆ ೯, ವಾರಕ್ಕೆ ೪೮ ಗಂಟೆಗಳ ಮಿತಿಯನ್ನು ವಿಧಿಸಿತು. ಆ ಎಣಿಕೆಯಲ್ಲಿ ಹಾದಿ ಸೇರಿರಲಿಲ್ಲ. ಆದರೆ ಹಾದಿಗೂ ದುಡಿಮೆಗೂ ಸಂಬಂಧವೇ ಇಲ್ಲವೆನ್ನಲು ನ್ಯಾಯಶಾಸ್ತ್ರವೂ ಒಪ್ಪಲಿಲ್ಲ. ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಗೆ ೨೦೧೦ರಲ್ಲಿ ತಂದ ತಿದ್ದುಪಡಿಯು, ಮನೆಯಿಂದ ಕೆಲಸಕ್ಕೆ ಹೋಗುವ ಬರುವ ಹಾದಿಯಲ್ಲಿ ಒದಗಿದ ಅಪಘಾತಕ್ಕೂ, ಕೆಲಸದೊಡನೆ ಅದರ ಸಂಬಂಧ ಸಿದ್ಧವಾದರೆ, ಪರಿಹಾರ ಸಲ್ಲಬೇಕೆಂದು ವಿಧಿಸಿತು. ಕಾಲು ಮುರಿದಾಗ ಹಾದಿಯು ಕೆಲಸಕ್ಕೆ ಸೇರಿದ್ದೆಂದು ಒಪ್ಪುವವರು, ಕಾಲು ನೆಟ್ಟಗಿರುವಾಗಲೂ ಅದನ್ನು ನೆನೆಯಬೇಡವೆ? ದೂರದಿಂದ ಬರುವವನಿಗೆ ರೈಲಿನ ವೇಳೆಗೆ ಸರಿಯಾಗಿ ಹಾಜರಿಯನ್ನು ಅರ್ಧ ಗಂಟೆ ಹಿಂದುಮುಂದು ಮಾಡಿಕೊಡಿರಿ. ಸಂಜೆ ಐದಕ್ಕೆ ಎದ್ದವನನ್ನು ‘ಇನ್ನೊಂದೈದು ನಿಮಿಷ’ ಎಂದು ತಡೆಯಬೇಡಿರಿ. ಆ ಐದು ನಿಮಿಷದಿಂದ ರೈಲು ತಪ್ಪಿದರೆ ಅವನು ಮನೆ ಸೇರುವುದು ಒಂದು ಗಂಟೆ ತಡವಾಗುತ್ತದೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಎಷ್ಟೋ ಕಛೇರಿಗಳು ಮನೆಯಿಂದಲೇ ನಡೆದುದನ್ನು ಕಂಡಿದ್ದೇವೆ. ಅದರಿಂದ ದೇವರ ಕೋಣೆಯೊಳಕ್ಕೂ ಕಛೇರಿಯ ಕರೆ ನುಗ್ಗಿ ಬಂದದ್ದೂ ನಿಜ. ಆದರೂ ವಾರಕ್ಕೆ ಎರಡು ದಿನ ಹಾದಿಯನ್ನು ತಪ್ಪಿಸಿಕೊಡಲು ಸಾಧ್ಯವಿರುವ ಕಡೆ ತಪ್ಪಿಸಿಕೊಡದಿರುವುದಕ್ಕೆ, ‘ಎದುರಿಗೆ ಕಾಣಬೇಕು’ ಎಂಬ ಯಜಮಾನಿಕೆಯ ಹೊರತು ಬೇರೆ ಕಾರಣ ನಮಗೆ ಕಾಣುವುದಿಲ್ಲ.

ದೂರವು ಬಡವನ ಏಳಿಗೆಗೆ ಅಡ್ಡಿಯೆಂಬುದನ್ನು ನಮ್ಮ ಮಠಗಳ ಹಿರಿಯರು ಬಹಳ ಹಿಂದೆಯೇ ಅರಿತಿದ್ದರು. ಹಳ್ಳಿಯ ಹುಡುಗನಿಗೆ ಶಾಲೆ ದೂರ. ನಡೆದು ಹೋಗಿ ನಡೆದು ಬರುವುದರಲ್ಲಿಯೇ ಅವನ ಓದು ಮುಗಿದುಹೋಗುತ್ತಿತ್ತು. ಶಾಲೆಯ ಬಳಿಯಲ್ಲಿಯೇ ಅನ್ನವನ್ನೂ ಆಶ್ರಯವನ್ನೂ ಕೊಡುವ ಉಚಿತ ಪ್ರಸಾದನಿಲಯಗಳು ಹುಟ್ಟಿದುದು ಇದರಿಂದಲೇ. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮಿಗಳು (೧೯೦೭–೨೦೧೯) ಹೀಗೆ ಆಶ್ರಯವಿತ್ತು ಓದಿಸಿದ ಮಕ್ಕಳಿಗೆ ಲೆಕ್ಕವುಂಟೆ! ಗುಬ್ಬಿಯ ತೋಟದಪ್ಪನವರು (೧೮೩೮–೧೯೧೦) ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಧರ್ಮಛತ್ರವನ್ನು ಕಟ್ಟಿಸಿದುದೂ ದೂರದಿಂದ ಬಂದವರ ಕಷ್ಟವನ್ನು ಕಂಡೇ. ಆ ಕಾಲದ ದಾನಿಗಳು ವಿದ್ಯಾರ್ಥಿಗೂ ಯಾತ್ರಿಕನಿಗೂ ಮಾಡಿದುದನ್ನು ಈ ಕಾಲದ ಉಳ್ಳವರು ದುಡಿಯುವವನಿಗೆ ಮಾಡಬಹುದು. ಕಾರ್ಖಾನೆಯ ಬಳಿ ಹತ್ತು ಚಿಕ್ಕ ಮನೆಗಳನ್ನು ಕಟ್ಟಿಸಿ ಹಿತವಾದ ಬಾಡಿಗೆಗೆ ಕೆಲಸಗಾರರಿಗೆ ಕೊಡುವುದು ದಾಸೋಹವೇ. ನಗರದಲ್ಲಿ ಎರಡು ಮೂರು ಮನೆಗಳುಳ್ಳ ಭಕ್ತರು, ಒಂದನ್ನಾದರೂ ಹತ್ತಿರದ ಆಸ್ಪತ್ರೆಯ ದಾದಿಗೋ ಶಾಲೆಯ ಉಪಾಧ್ಯಾಯನಿಗೋ ಪೇಟೆಯ ಬೆಲೆಗಿಂತ ಸ್ವಲ್ಪ ಇಳಿಸಿ ಕೊಟ್ಟರೆ, ಆ ಸಂಸಾರಕ್ಕೆ ದಿನಕ್ಕೆ ಎರಡು ಗಂಟೆಯನ್ನು ದಾನ ಮಾಡಿದಂತಾಗುತ್ತದೆ.

ಬಾಡಿಗೆಯ ಮನೆಗಳಲ್ಲಿರುವವರ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿನದು. ಅದನ್ನು ಹೊಸದುಮಾಡುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂಡಿ ಕುಳಿತು, ಒಂದು ಹಾಳೆಯ ಮೇಲೆ ಮನೆಯಲ್ಲಿ ದುಡಿಯುವ ಮತ್ತು ಓದುವ ಒಬ್ಬೊಬ್ಬರ ಹಾದಿಯ ಹೊತ್ತನ್ನೂ ಬರೆಯಿರಿ. ಹೊರಡುವ ಗಂಟೆ, ಬರುವ ಗಂಟೆ ಎರಡನ್ನೂ ಬರೆಯಿರಿ. ಬಾಡಿಗೆ ಎಷ್ಟು ಉಳಿಯುತ್ತದೆ, ಪ್ರಯಾಣಕ್ಕೆ ಎಷ್ಟು ಹೋಗುತ್ತದೆ ಎಂಬುದನ್ನು ಅದರ ಪಕ್ಕದಲ್ಲಿ ಬರೆಯಿರಿ. ಹತ್ತಿರದ ಮನೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಹೆಚ್ಚಾಗಿ, ಇಬ್ಬರಿಗೆ ಸೇರಿ ತಿಂಗಳಿಗೆ ನೂರು ಗಂಟೆ ಉಳಿಯುವುದಾದರೆ, ಗಂಟೆಗೆ ಇಪ್ಪತ್ತು ರೂಪಾಯಿಗೆ ಆಯುಷ್ಯವನ್ನು ಮರಳಿ ಕೊಂಡಂತಾಯಿತು. ಈ ಲೆಕ್ಕವನ್ನು ಯಜಮಾನನೊಬ್ಬನೇ ಮಾಡದೆ ಮನೆಯಾಕೆಯ ಕೈಯಲ್ಲಿ ಮಾಡಿಸಿರಿ. ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳಿರಿ. ತಂ‍ದೆ ಬರುವ ಗಂಟೆ ಯಾವುದೆಂದು ಅವರನ್ನು ಕೇಳಿ ಬರೆದುಕೊಳ್ಳಿರಿ.